ಬಾಗೂರಿನ ಚಿತ್ರವನ್ನು ರಟ್ಟಿನಿಂದ ಬಿಡಿಸಿದ್ದು

ಆ ಚಿತ್ರ ನನ್ನ ಅಂಗಡಿಗೆ ಬಂದದ್ದು ಗೊಬ್ಬರದ ಚೀಲದಲ್ಲಿ. ಬಬ್ಬೂರು ಫಾರಂನಲ್ಲಿ ಕೆಲಸ ಮಾಡುವ, ಐವತ್ತರ ಆಸುಪಾಸಿನ ಒಬ್ಬರು ಅದನ್ನು ಹಿರಿಯೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಆಗ ನಾನು ಚಿತ್ರದುರ್ಗದ ಸಂತೆಹೊಂಡದ ಹತ್ತಿರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಿದ್ದೆ. ಅದಕ್ಕೆ ಮೊದಲು ಒಂದು ಪತ್ರಿಕೆಯ ಸುದ್ದಿಮನೆಯಲ್ಲಿದ್ದೆ. ಕೆಲಸಕ್ಕೆ ಕೈ ಹಾಕುವ ಮುಂಚೆ ಗಡಿಯಾರ ನೋಡಿ ಬರೆದುಕೊಳ್ಳುವ ಅಭ್ಯಾಸ ಅಲ್ಲಿಂದ ಬಂದದ್ದು. ಇಲ್ಲಿ ಬರೆಯುತ್ತಿರುವುದು ಆ ವಾರದ ನೋಟ್‌ಬುಕ್ಕಿನ ಪುಟಗಳನ್ನು ಎದುರಿಗಿಟ್ಟುಕೊಂಡು.

ಸೋಮವಾರ ಬೆಳಿಗ್ಗೆ ಹತ್ತೂಕಾಲು. ಅವರು ಚೀಲದ ಬಾಯಿ ಬಿಚ್ಚಿದರು.

"ಗಾಜು ಬಿರುಕು ಬಿಟ್ಟೈತೆ, ಒಳಗೆ ಹುಳ ಬಿದ್ದೈತೆ ಸಾರ್. ಹೊಸ ಕಟ್ಟು ಹಾಕ್ಕೊಡ್ರಿ, ಅಷ್ಟೇ."

ಎರಡು ಗೇಣು ಎತ್ತರದ ಜಲವರ್ಣ ಚಿತ್ರ. ಕೆಂಪು ಸೀರೆ ಉಟ್ಟ ಹೆಂಗಸೊಬ್ಬಳು ಚಾಪೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಾಳೆ. ಹಿಂದೆ ಮಣ್ಣಿನ ಗೋಡೆ, ಗೋಡೆಗೆ ಒರಗಿಸಿದ ಮಗ್ಗದ ಮರ. ಬರೆದವರ ಕೈ ಪಳಗಿದ್ದು ಎಂದು ಮೊದಲ ನೋಟಕ್ಕೇ ತಿಳಿಯಿತು. ಯಾರದು, ಯಾವಾಗಿನದು ಎಂದು ಕೇಳಿದೆ.

"ನಮ್ಮವ್ವನ ತಾಯಿ. ಬಾಗೂರಾಗೆ ಕಂಬ್ಳಿ ನೇಯೋ ಮನೆ ಅವರ್ದು. ಸ್ವತಂತ್ರ ಬಂದ ಮುಂದಿನ್ ವರ್ಷ ಹೊಸದುರ್ಗದ ಇಸ್ಕೂಲಿನ ಡ್ರಾಯಿಂಗ್ ಮೇಷ್ಟ್ರೊಬ್ರು ಆ ಮನೇಲಿ ಬಾಡಿಗೆಗಿದ್ರಂತೆ. ಹೊಳಲ್ಕೆರೆ ಕಡೇರು. ಅವರು ಬರ್ದಿದ್ದು. ಆಯಮ್ಮಂದು ಬ್ಯಾರೆ ಫೋಟೊ ಒಂದೂ ಇಲ್ಲ ಸಾರ್. ಮುಖಕ್ಕೇನಾರ ಆದ್ರೆ ನಮ್ಮವ್ವ ನನ್ನ ಮನೆಗೆ ಸೇರ್ಸಲ್ಲ."

ಕಟ್ಟಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಗಾಜನ್ನು ಮೇಲೆತ್ತಿ ನೋಡಿದೆ. ಚಿತ್ರ ಗಾಜಿಗೆ ಅಂಟಿರಲಿಲ್ಲ. ಆದರೆ ಹಿಂದಿನ ದಪ್ಪ ರಟ್ಟಿಗೆ ಅಂಚಿನಿಂದ ಅಂಚಿಗೆ, ಒಂದು ಕೂದಲಿನಷ್ಟು ಜಾಗವೂ ಬಿಡದೆ ಅಂಟಿಸಿಬಿಟ್ಟಿದ್ದರು. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಮೈ ಆಡಿಸಲು ಜಾಗ ಕೊಡದೆ ಪೂರ್ತಿ ಅಂಟಿಸಿದರೆ ಎಲ್ಲೋ ಒಂದು ಕಡೆ ಉಬ್ಬಲೇಬೇಕು. ಇಲ್ಲಿ ಅದು ಉಬ್ಬಿದ್ದು ಮುಖದ ಬಲಗಡೆ, ಕಿವಿಯಿಂದ ಗದ್ದದವರೆಗೆ. ಕೆಳಗಿನ ಅಂಚಿನಿಂದ ಹುಳುಗಳು ರಟ್ಟಿಗೂ ಕಾಗದಕ್ಕೂ ನಡುವಿನ ಅಂಟನ್ನು ತಿನ್ನುತ್ತ ಮೇಲೆ ಬಂದಿದ್ದವು. ದೀಪ ಓರೆಯಾಗಿ ಹಿಡಿದರೆ ಅವು ಕೊರೆದ ದಾರಿ ಸಣ್ಣ ನರದಂತೆ ಕಾಣುತ್ತಿತ್ತು. ಆ ದಾರಿ ಉಬ್ಬಿನ ಕಡೆಗೇ ಹೋಗಿತ್ತು, ಗದ್ದಕ್ಕೆ ಎರಡು ಬೆರಳು ಬಾಕಿ. ಅಂಟು ಇರುವವರೆಗೆ ಹುಳುಗಳು ಬಿಡುವುದಿಲ್ಲ. ಹೊಸ ಕಟ್ಟು ಹಾಕಿ ಕೊಟ್ಟರೆ ಹೊಸ ಗಾಜಿನ ಹಿಂದೆ ಮುಖವನ್ನು ತಿನ್ನುತ್ತವೆ, ಅಷ್ಟೆ. ಅದನ್ನೇ ಅವರಿಗೆ ಹೇಳಿದೆ. ರಟ್ಟಿನಿಂದ ಬಿಡಿಸಲೇಬೇಕು.

"ಯಾವ ಗೋಂದು ಹಾಕಿ ಅಂಟಿಸಿದಾರೆ, ಗೊತ್ತೇ?"

"ಮೊದ್ಲು ಯಾವ್ದೋ ಹಾಕಿದ್ರಂತೆ. ಆಮೇಲೆ ಒಂದ್ಸಲ ಕಟ್ಟು ಬಿಚ್ಚಿ ಬಡಗಿ ಗೋಂದು ಹಾಕಿದ್ರಂತೆ."

ಎರಡು 'ಅಂತೆ' ಇರುವ ಮಾತನ್ನು ಸುದ್ದಿಮನೆಯಲ್ಲಿ ನಾನು ಅಚ್ಚಿಗೆ ಬಿಡುತ್ತಿರಲಿಲ್ಲ. ಇಲ್ಲಿ ಬಿಟ್ಟೆ. 'ಬಡಗಿ ಗೋಂದು' ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಈ ಕೆಲಸದಲ್ಲಿ ಮೊದಲ ನಿಯಮ ಕೇಳಲು ತಿರುಗುಮುರುಗು ಎನಿಸುತ್ತದೆ. ಚಿತ್ರವನ್ನು ರಟ್ಟಿನಿಂದ ಎಳೆಯಬಾರದು, ರಟ್ಟನ್ನು ಚಿತ್ರದಿಂದ ಎಳೆಯಬೇಕು. ಬಗ್ಗಬೇಕಾದ್ದು ರಟ್ಟು, ಹರಿಯಬೇಕಾದ್ದೂ ರಟ್ಟು. ಚಿತ್ರ ಕೊನೆಯವರೆಗೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿರಬೇಕು. ಮುಂದೆ, ಹಿಂದೆ ಫೋಟೊ ತೆಗೆದುಕೊಂಡೆ. ಒದ್ದೆ ಹತ್ತಿಯ ತುದಿಯನ್ನು ಸೀರೆಯ ಸೆರಗಿನ ಕೊನೆಗೆ ಮುಟ್ಟಿಸಿ ನೋಡಿದೆ. ಹತ್ತಿಗೆ ಕೆಂಪು ಹತ್ತಿತು. ಅಂದರೆ ಮುಂಭಾಗಕ್ಕೆ ಒಂದು ಹನಿ ನೀರೂ ತಾಗುವಂತಿಲ್ಲ. ತಾಗಿದರೆ ಸೀರೆಯ ಕೆಂಪು ಹರಿದು ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬರುತ್ತದೆ. ರಟ್ಟು ಸಮೇತ ತೊಟ್ಟಿಯಲ್ಲಿ ನೆನೆಹಾಕುವ ಸುಲಭದ ದಾರಿ ಅಲ್ಲಿಗೆ ಮುಚ್ಚಿತು.

ಮಂಗಳವಾರ ಬೆಳಿಗ್ಗೆ ಮೇಜಿನ ಮೇಲೆ ದಪ್ಪ ಗಾಜು, ಅದರ ಮೇಲೆ ಅಚ್ಚಾಗದ ನ್ಯೂಸ್‌ಪ್ರಿಂಟಿನ ನಾಲ್ಕು ಹಾಳೆ, ಮೇಲೆ ನುಣುಪಾದ ಬಟರ್ ಪೇಪರ್ ಹಾಸಿ ಚಿತ್ರವನ್ನು ಮುಖ ಕೆಳಗೆ ಮಾಡಿ ಮಲಗಿಸಿದೆ. ತೆಳುವಾದ, ಹರಿತ ಕಡಿಮೆ ಮಾಡಿದ ಚಾಕುವಿನಿಂದ ಒಂದು ಮೂಲೆಯಲ್ಲಿ ರಟ್ಟಿನ ಪದರ ಎಬ್ಬಿಸಿದೆ. ಹಳೆಯ ರಟ್ಟು ಈರುಳ್ಳಿಯ ಹಾಗೆ ಪದರ ಪದರ. ಚಾಕುವನ್ನು ಮೇಜಿಗೆ ಸಮನಾಗಿ ಹಿಡಿದು, ಎದ್ದ ಪದರವನ್ನು ಹಿಂದಕ್ಕೆ ಮಡಚಿ ಸುರುಳಿ ಸುತ್ತುತ್ತ ಹೋದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಸಂಜೆ ಐದಕ್ಕೆ ಹತ್ತೊಂಬತ್ತು ಪಟ್ಟಿ ಬಂದಿದ್ದವು. ಚಿತ್ರದ ಬೆನ್ನಿಗೆ ಉಳಿದದ್ದು ಪೋಸ್ಟ್‌ಕಾರ್ಡಿನಷ್ಟು ದಪ್ಪದ ಕೊನೆಯ ಪದರ. ಎರಡು ಕಡೆ ಆ ಪದರವೂ ಪಟ್ಟಿಯ ಜೊತೆ ಎದ್ದು, ಕೆಳಗಿನ ಅಂಟು ಅರ್ಧ ಪಟ್ಟಿಗೆ, ಅರ್ಧ ಕಾಗದಕ್ಕೆ ಹತ್ತಿಕೊಂಡು ಕಾಣುತ್ತಿತ್ತು. ಕಂಡದ್ದನ್ನು ಬರೆದುಕೊಂಡೆ: 'ಅಂಟು ಉದ್ದುದ್ದ ಗೆರೆ. ಮೇಲಿನಿಂದ ಕೆಳಕ್ಕೆ. ಒಂದೇ ಅಂತರ.' ನನಗೆ ಗೊತ್ತಿರುವ ಯಾರೂ ಹಾಗೆ ಅಂಟು ಹಚ್ಚುವುದಿಲ್ಲ. ನಡುವಿನಿಂದ ಅಂಚಿಗೆ ಸವರುತ್ತಾರೆ. ವಿಚಿತ್ರ ಎನಿಸಿತು, ಆದರೆ ಕೆಲಸ ಸಾಗಿದ ಹುರುಪಿನಲ್ಲಿ ಅದನ್ನು ಮುಂದೆ ಕೆದಕಲಿಲ್ಲ.

ಅಂಗಡಿಯ ಹಿಂಭಾಗದಲ್ಲಿ ಕಟ್ಟಿನ ಮರ ಕೊಯ್ಯುವ ಆಚಾರ್ರು ನನ್ನ ಓರಗೆಯವರು. ನಾನು ಪತ್ರಿಕೆ ಬಿಟ್ಟು ಎಷ್ಟು ವರ್ಷವಾದರೂ ನನ್ನನ್ನು 'ಎಡಿಟ್ರೇ' ಎಂದೇ ಕರೆಯುತ್ತಿದ್ದರು. ರಟ್ಟಿನ ಸುರುಳಿಗಳ ರಾಶಿ ನೋಡಿ, "ಏನ್ ಎಡಿಟ್ರೇ, ಬೆಳಗಿಂದ ಸಂಜೆಗಂಟ ಒಂದು ರಟ್ಟು ಸುಲಿದ್ರಿ. ನಾನಾಗಿದ್ರೆ ಅಷ್ಟೊತ್ತಿಗೆ ಮಂಚ ಮಾಡ್ತಿದ್ದೆ," ಎಂದರು.

"ನಿಮ್ಮ ಮಂಚಕ್ಕೆ ಮುಖ ಇರಲ್ಲ ಆಚಾರ್ರೇ," ಎಂದೆ.

ಬುಧವಾರ ಅಂಟಿನ ಪರೀಕ್ಷೆ. ಸುಲಿದ ರಟ್ಟಿನಿಂದ ಅಂಟಿನ ಚೂರುಗಳನ್ನು ಕೆರೆದು ಇಟ್ಟುಕೊಂಡಿದ್ದೆ. ಒಂದರ ಮೇಲೆ ಟಿಂಚರ್ ಅಯೋಡಿನ್ ಹನಿ ಹಾಕಿದೆ. ಮೈದಾ ಗೋಂದಾಗಿದ್ದರೆ ಕಡುನೀಲಿಗೆ ತಿರುಗಬೇಕು. ತಿರುಗಲಿಲ್ಲ. ಇನ್ನೊಂದನ್ನು ತಣ್ಣೀರಿನಲ್ಲಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಮೇಲ್ಮೈ ಬೆಳ್ಳಗೆ ಮಂಕಾಗಿ ಸ್ವಲ್ಪ ಲೋಳೆ ಬಿಟ್ಟಿತು, ಒಳಗೆ ಕಲ್ಲು ಕಲ್ಲಾಗಿಯೇ ಉಳಿಯಿತು. ಬಡಗಿಗಳ ಬಿಳಿ ಗೋಂದು ನೀರಿನಲ್ಲಿ ಹೀಗೆಯೇ ಬೆಳ್ಳಗಾಗುತ್ತದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದ ಮಾತು ನಿಜವಾಯಿತೆಂದು ನನಗೆ ಸಂತೋಷ. ಬಿಳಿ ಗೋಂದು ಕಾವಿಗೆ ಮೆತ್ತಗಾಗುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಹದವಾಗಿ ಕಾಯಿಸಿ, ಬಟ್ಟೆ ಹಾಕಿ, ಚಿತ್ರದ ಕೆಳಗಿನ ಎಡಮೂಲೆಯಲ್ಲಿ, ಮುಖದಿಂದ ಆದಷ್ಟು ದೂರದಲ್ಲಿ ಒತ್ತಿದೆ. ಒಂದು ನಿಮಿಷ, ಮತ್ತೆ ಒಂದು ನಿಮಿಷ. ಪದರದ ತುದಿ ಸ್ವಲ್ಪ ಎದ್ದಿತು. ಎಳೆದೆ.

ಒಣ ಎಲೆ ಮುರಿದಂಥ ಸಣ್ಣ ಸದ್ದು.

ಮಧ್ಯಾಹ್ನ ಹನ್ನೆರಡು ನಲವತ್ತು. ಕೈಗೆ ಬಂದ ರಟ್ಟಿನ ಚೂರಿಗೆ ಚಿತ್ರದ ಕಾಗದದ ಒಂದು ಸಿಪ್ಪೆ ಅಂಟಿಕೊಂಡು ಬಂದಿತ್ತು, ಹೆಬ್ಬೆರಳ ಉಗುರಿನಷ್ಟು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತೂತು ಬಿದ್ದಿರಲಿಲ್ಲ. ಆದರೆ ಆ ಜಾಗ ಎಣ್ಣೆ ಕಲೆಯ ಹಾಗೆ ತೆಳುವಾಗಿ ಹೊಳೆಯುತ್ತಿತ್ತು. ಕಾವು ಅಂಟನ್ನು ಮೆತ್ತಗೆ ಮಾಡಿರಲಿಲ್ಲ. ಮೊದಲಿಗಿಂತ ಗಟ್ಟಿ ಮಾಡಿತ್ತು.

"ಇನ್ನೊಂದ್ಸಲ ಗಟ್ಟಿಯಾಗಿ ಎಳೀರಿ, ಬತ್ತೈತೆ," ಎಂದರು ಆಚಾರ್ರು.

ನಾನು ಕೈ ತೊಳೆದು ಕುಳಿತೆ. ಇದೇ ಮುಖದ ಹಿಂದೆ ಆಗಿದ್ದರೆ? ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ, ಬೇರೆಯವರು ಬರೆದ ವರದಿಯನ್ನು ತಿದ್ದುವ ಹಾಗೆ. ತಪ್ಪು ಮೂರನೆಯ ಸಾಲಿನಲ್ಲೇ ಇತ್ತು. ಅಂಟಿಸಿದ್ದನ್ನು ಕಣ್ಣಾರೆ ಕಂಡಿರಬಹುದಾದ ತಾಯಿ ಬದುಕಿದ್ದಾರೆ, ಒಂದೂವರೆ ಗಂಟೆಯ ಬಸ್ ದಾರಿಯಲ್ಲಿದ್ದಾರೆ. ಅವರನ್ನು ಒಂದು ಮಾತೂ ಕೇಳದೆ ಅವರ ಮಗನ ಊಹೆಯನ್ನು ನಾನು ಆಧಾರ ಮಾಡಿಕೊಂಡಿದ್ದೆ. ಹೊಸ ವರದಿಗಾರ ಹೀಗೆ ಮಾಡಿದ್ದರೆ ಕರೆದು ಬೈಯುತ್ತಿದ್ದೆ.

ಮಗನಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೆ ಹೇಳಿದೆ. ಆ ಕಡೆ ಟ್ರ್ಯಾಕ್ಟರ್ ಸದ್ದು ನಿಂತಿತು.

"ಮುಖಕ್ಕೇನೂ ಆಗಿಲ್ಲಲ್ಲ?"

"ಇಲ್ಲ. ಮೂಲೇಲಿ, ಚಾಪೆ ಹತ್ರ."

"ಹಂಗಾರೆ ಅವ್ವಂಗೆ ಹೇಳಲ್ಲ ಬಿಡ್ರಿ. ಸುಮ್ನೆ ಲ್ಯಾಮಿನೇಶನ್ ಮಾಡಿಸ್ಬಿಡ್ರಿ ಸಾರ್, ಹುಳ ಅಲ್ಲೇ ಸಾಯ್ತವೆ."

"ನಾಳೆ ನಾನೇ ಬಂದು ಅಮ್ಮನಿಗೆ ಹೇಳ್ತೀನಿ," ಎಂದೆ.

ಗುರುವಾರ ಬೆಳಿಗ್ಗೆ ಅಂಟು ಹತ್ತಿದ್ದ ರಟ್ಟಿನ ಆ ಎರಡು ಪಟ್ಟಿ, ಅಂಟಿನ ಚೂರುಗಳ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಹೊರಟೆ. ಬಸ್ಸು ಐಮಂಗಲ ದಾಟುವವರೆಗೂ ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಬರೆದು ಹೊಡೆದುಹಾಕುತ್ತಿದ್ದೆ. ಹಿರಿಯೂರಿನಲ್ಲಿ ಇಳಿದು ಆಟೋದಲ್ಲಿ ಬಬ್ಬೂರಿಗೆ ಹೋದೆ. ಎಪ್ಪತ್ತು ದಾಟಿದ ಆ ತಾಯಿ ಜಗಲಿಯ ಮೇಲೆ ಕುಳಿತು ಹುರುಳಿ ಕೇರುತ್ತಿದ್ದರು. ಪಕ್ಕದಲ್ಲಿ ಮಗ ನಿಂತಿದ್ದರು, ಏನೂ ಹೇಳಬೇಡಿ ಎಂದು ಕಣ್ಣಿನಲ್ಲೇ ಸನ್ನೆ ಮಾಡುತ್ತ.

"ಬರ್ರಿ, ಕುಂತ್ಕಳ್ರಿ," ಎಂದರು ತಾಯಿ. ನಾನು ಯಾರೆಂದು ತಿಳಿದ ಮೇಲೆ ಮೊರ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓ, ಮೂರು ದಿನದಿಂದ ನಮ್ಮವ್ವನ ಬೆನ್ನು ಕೆರೀತಿರೋನು ನೀನೇನಪ್ಪ?"

ಬಸ್ಸಿನಲ್ಲಿ ಸಿದ್ಧಮಾಡಿಕೊಂಡ ಮಾತು ಯಾವುದೂ ನೆನಪಾಗಲಿಲ್ಲ. "ಹೌದಮ್ಮ. ಕೆರೆಯುವಾಗ ಒಂದು ಕಡೆ ಸಿಪ್ಪೆ ಎದ್ದಿದೆ. ತಪ್ಪು ನನ್ನದು," ಎಂದೆ.

"ಎಷ್ಟು?"

ಹೆಬ್ಬೆರಳ ಉಗುರು ತೋರಿಸಿದೆ.

"ಎಲ್ಲಿ?"

"ಚಾಪೆ ಮೂಲೇಲಿ."

ಅವರು ಮತ್ತೆ ಕೇರತೊಡಗಿದರು. "ಆ ಚಾಪೆನಾ? ಅದು ಅವಾಗ್ಲೇ ಹರ್ದಿತ್ತು ಬಿಡು. ಮೇಷ್ಟ್ರು ಚೆಂದ ಮಾಡಿ ಬರ್ದಿದ್ರು."

ಮಗ ನಕ್ಕುಬಿಟ್ಟರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ಇದನ್ನ ಯಾರು ಅಂಟಿಸಿದ್ದಮ್ಮ? ಯಾವ ಗೋಂದಲ್ಲಿ?"

"ನಮ್ಮಪ್ಪ. ಗೋಂದು ಗೀಂದು ನಮ್ಮೂರಾಗೆ ಎಲ್ಲಿತ್ತು?"

"ಆಮೇಲೆ ಬಡಗಿ ಗೋಂದು ಹಾಕಿದ್ರಂತಲ್ಲ?"

"ಯಾರ್ ಹೇಳಿದ್ದು? ಇವನಾ?" ಮಗನ ಕಡೆ ತಿರುಗಿದರು. "ಲೇ, ಅದು ಕಟ್ಟಿನ ಮರ ಬಿಟ್ಕಂಡಿತ್ತು, ಮರಕ್ಕೆ ಹಚ್ಚಿದ್ರು ಕಣೋ. ನೀನಿನ್ನೂ ತೊಟ್ಲಾಗಿದ್ದೆ. ದೊಡ್ಡದಾಗಿ ಸಾಕ್ಷಿ ಹೇಳಾಕೆ ಹೋಗಿದಾನೆ."

ರಟ್ಟಿನ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಅದರ ಮೇಲಿನ ಗೆರೆಗಳನ್ನು ನೋಡಿದ್ದೇ ತಡ, ಮೊರ ಕೆಳಗಿಟ್ಟರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ಮೂಸಿ ನೋಡಿದರು.

"ಇದು ಹುಣಸೆ ಬೀಜದ ಗಂಜಿ ಕಣಪ್ಪ. ಕಂಬ್ಳಿ ನೇಯೋಕ್ ಮುಂಚೆ ಹಾಸಿನ ನೂಲಿಗೆ ಹಚ್ತಾರಲ್ಲ, ಅದು. ಈ ಗೆರೆ ನೋಡು, ಕುಂಚದ್ದು. ಬೇರಿನ ಕುಂಚ. ಹಾಸು ಬೀದೀಲಿ ಎಳೆದು ಕಟ್ಟಿ, ಈ ತುದೀಂದ ಆ ತುದಿಗಂಟ ಒಂದೇ ಸಮ ಎಳ್ಕಂಡು ಹೋಗೋದು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಕುದ್ಸಿದ್ದು ನಾನೇ. ಎಂಟು ವರ್ಷ ಇರ್ಬೇಕು ನಂಗೆ."

ಮೇಷ್ಟ್ರು ಮೇಲಿನ ಎರಡು ಮೂಲೆಗೆ ಮಾತ್ರ ಹಚ್ಚಿ ಎಂದಿದ್ದರಂತೆ. ಅಪ್ಪ ಕೇಳಲಿಲ್ಲ. ಹಾಸಿನ ನೂಲಿಗೆ ಗಂಜಿ ಹಚ್ಚುವಾಗ ಒಂದು ಎಳೆ ಬಿಟ್ಟರೂ ಕಂಬಳಿ ಅಲ್ಲೇ ಹರಿಯುತ್ತದೆ, ಹಚ್ಚಿದರೆ ಪೂರ್ತಿ ಹಚ್ಚಬೇಕು. ಅವರಿಗೆ ಗೊತ್ತಿದ್ದ ಅಚ್ಚುಕಟ್ಟು ಅದು. ಹೆಂಡತಿಯ ಚಿತ್ರಕ್ಕೆ ತಾವು ಬಲ್ಲ ಅತ್ಯುತ್ತಮ ಕೆಲಸವನ್ನೇ ಮಾಡಿದ್ದರು. ಆಮೇಲೆ ಮೇಲೆ ಬೀಸುವ ಕಲ್ಲು ಹೇರಿದ್ದರಂತೆ.

"ಈ ಗಂಜಿ ಬಿಡಿಸೋದು ಹೆಂಗಮ್ಮ?"

"ಹೊಸ ಕಂಬ್ಳಿ ನಿನ್ನ ರಟ್ಟಿದ್ದಂಗೇ ಇರ್ತೈತೆ. ಕೂಸಿಗೆ ಹೊದಿಸ್ಬೇಕು ಅಂದ್ರೆ ಮೆತ್ತಗೆ ಮಾಡ್ಬೇಕಲ್ಲ? ಬಿಸ್ನೀರು ಚಿಮುಕ್ಸಿ ಸುತ್ತಿಟ್ಟು, ಮ್ಯಾಲೆ ಇನ್ನೊಂದು ಹಳೇ ಕಂಬ್ಳಿ ಹೊದಿಸಿಬಿಡೋದು. ತಣ್ಣೀರಿಗೆ ಬಗ್ಗಲ್ಲ ಅದು. ಒಣ ಬಿಸಿಗೆ ಕಬ್ಣ ಆಗ್ತೈತೆ. ಬಿಸಿ, ಹಸಿ ಎಲ್ಡೂ ಕೂಡ್ಬೇಕು."

ನನ್ನ ಮೂರು ದಿನದ ಸೋಲಿಗೆ ಅವರು ಮೂರು ವಾಕ್ಯದಲ್ಲಿ ಕಾರಣ ಕೊಟ್ಟರು. ತಣ್ಣೀರಿನ ಪರೀಕ್ಷೆ, ಇಸ್ತ್ರಿ ಪೆಟ್ಟಿಗೆ, ಒಣ ಎಲೆಯ ಸದ್ದು, ಎಲ್ಲವೂ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕುಳಿತವು. ಬಹಳ ದಿನ ಬೆನ್ನು ಹತ್ತಿದ ಸುದ್ದಿಯೊಂದು ಯಾರದೋ ಒಂದು ಮಾತಿನಿಂದ ಬಿಚ್ಚಿಕೊಂಡಾಗ ಆಗುವ ಪುಳಕವೇ ಅದು. ಆ ಪುಟದ ಅಕ್ಷರಗಳು ಎಷ್ಟು ಅವಸರದಲ್ಲಿ ಬಿದ್ದಿವೆ ಎಂದರೆ ಈಗ ನನಗೇ ಓದಲು ಬರುವುದಿಲ್ಲ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲಮ್ಮ?"

"ನನ್ನ ಯಾರ್ ಕೇಳಿದ್ರಪ್ಪ?"

ಹೊರಡುವ ಹೊತ್ತಿಗೆ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಮೇಷ್ಟ್ರು ಅದ್ನ ಬರೆದ ಮುಂದಿನ್ ಕಾರ್ತೀಕಕ್ಕೆ ಅವ್ವ ಹೋಗ್ಬಿಟ್ಲು. ನಂಗೆ ಅವಳ ದನಿ ನೆಪ್ಪೈತೆ, ಕೈ ನೆಪ್ಪೈತೆ. ಮುಖ ಮಾತ್ರ ಅದ್ನ ನೋಡಿದ್ರೇ ಬರೋದು. ಅದ್ಕೆ ಭಾನುವಾರ ನಾನೂ ಬತ್ತೀನಿ. ನಾನಿಲ್ದೆ ಕೈ ಹಾಕ್ಬ್ಯಾಡ."

ಶುಕ್ರವಾರ ಅವರ ಮಾತನ್ನು ಪರೀಕ್ಷಿಸಿದೆ. ನಂಬಿಕೆ ಇರಲಿಲ್ಲ ಎಂದಲ್ಲ. ಈ ಸಲ ಎರಡನೆಯ ಆಧಾರ ಇಲ್ಲದೆ ಮುಂದೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೆ. ಹಳೆ ಕಾಗದವೊಂದಕ್ಕೆ ಅದೇ ಕೆಂಪು ಬಣ್ಣ ಬಳಿದು ಒಣಗಿಸಿ, ಅದರ ಬೆನ್ನಿಗೆ ಸುಲಿದ ರಟ್ಟಿನ ಅಂಟಿನ ಬದಿಯನ್ನು ತಾಗಿಸಿಟ್ಟೆ. ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಕಂಬಳಿ ತುಂಡು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಬಿಸಿನೀರು ತುಂಬಿದ ರಬ್ಬರ್ ಚೀಲ. ಇಪ್ಪತ್ತೈದನೆಯ ನಿಮಿಷಕ್ಕೆ ತೆಗೆದೆ. ಬುಧವಾರ ಕಲ್ಲಾಗಿದ್ದ ಅಂಟು ಬೆಂಡೆಕಾಯಿ ಲೋಳೆಯಂತಾಗಿತ್ತು. ಬಣ್ಣ ಕದಲಿರಲಿಲ್ಲ. ಉಣ್ಣೆ ನೀರನ್ನು ತನ್ನೊಳಗೇ ಇಟ್ಟುಕೊಂಡು ಉಗುರುಬೆಚ್ಚಗಿನ ಹಬೆಯನ್ನು ಮಾತ್ರ ಬಿಡುತ್ತದೆ. ಬಟ್ಟೆಯಾಗಿದ್ದರೆ ನೀರನ್ನೇ ಬಿಡುತ್ತಿತ್ತು. ಕಂಬಳಿಯಲ್ಲಿ ಇಂಥ ಗುಣ ಇದೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಆಚಾರ್ರೇ, ಇಲ್ಲಿ ಬರ್ರಿ," ಎಂದು ಕೂಗಿದೆ.

ಅವರು ಬಂದು ಬೆರಳಿನಿಂದ ಲೋಳೆ ಮುಟ್ಟಿ ನೋಡಿದರು. "ಐವತ್ತು ವರ್ಷ ಗೋಂದು ಕಾಯ್ಸಿದೀನಿ ಎಡಿಟ್ರೇ. ಇದೊಂದು ಗೊತ್ತಿರ್ಲಿಲ್ಲ ನೋಡ್ರಿ," ಎಂದವರು ಗರಗಸ ಬಿಟ್ಟು ಅಲ್ಲೇ ನಿಂತರು.

ಭಾನುವಾರ ಒಂಬತ್ತಕ್ಕೆ ತಾಯಿ, ಮಗ ಬಂದರು. ತಾಯಿಯ ಕಂಕುಳಲ್ಲಿ ಕರಿ ಕಂಬಳಿಯ ಸುರುಳಿ. "ನಿಂದು ಹೊಸಾದಿದ್ರೆ ಅದ್ರಾಗಿನ ಗಂಜೀನೇ ಬಂದು ಇದಕ್ಕೆ ಹತ್ತೈತೆ. ಇದು ಮೂವತ್ತು ವರ್ಷ ಹೊದ್ದಿದ್ದು," ಎಂದರು. ನನ್ನ ತುಂಡು ಹೊಸದೇ ಆಗಿತ್ತು. ಅದನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದೆ.

ಕೆಲಸವನ್ನು ಹಂಚಿಕೊಂಡೆವು. ಮಗ ನೀರು ಕಾಯಿಸುವುದು, ರಬ್ಬರ್ ಚೀಲ ಬದಲಿಸುವುದು. ಆಚಾರ್ರು ಬಿದಿರಿನಿಂದ ತೆಳುವಾದ ಸಲಾಕೆಗಳನ್ನು ಸೀಳಿ ನುಣ್ಣಗೆ ಉಜ್ಜಿಕೊಡುವುದು. ಕಂಬಳಿಯನ್ನು ಹಿಂಡುವುದು ತಾಯಿ. ಒಂದು ಹನಿಯೂ ಬೀಳದ ಹಾಗೆ ಹಿಂಡಿ, ಮುಂಗೈ ಹಿಂಭಾಗಕ್ಕೆ ತಾಗಿಸಿ ಕಾವು ನೋಡಿ, "ಹೂಂ" ಎಂದರೆ ಮಾತ್ರ ಹಾಕಬೇಕು. ಚಿತ್ರದ ಕೆಳಗೆ ಒಣ ಬ್ಲಾಟಿಂಗ್ ಹಾಳೆ ಇಟ್ಟಿದ್ದೆ, ಮುಂಭಾಗಕ್ಕೆ ತೇವ ಇಳಿದರೆ ಗೊತ್ತಾಗಲಿ ಎಂದು. ಅಂಗೈ ಅಗಲದ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿ, ಅಂಚಿನಿಂದ ಒಳಕ್ಕೆ, ಮುಖ ಎಲ್ಲಕ್ಕಿಂತ ಕೊನೆಗೆ ಎಂದು ಕ್ರಮ ಹಾಕಿದೆ.

ಒಂಬತ್ತು ಐವತ್ತಕ್ಕೆ ಮೊದಲ ಜಾಗಕ್ಕೆ ಕಂಬಳಿ ಬಿತ್ತು. ಹತ್ತು ನಿಮಿಷಕ್ಕೆ ಬಿದಿರಿನ ತುದಿ ತೂರಿಸಿ ನೋಡಿದೆ, ಬಿಡಲಿಲ್ಲ. ಇಪ್ಪತ್ತಕ್ಕೂ ಇಲ್ಲ. ತಾಯಿ ಕಂಬಳಿಯ ಕೆಳಗೆ ಬೆರಳು ಹಾಕಿ, "ತಾಳು," ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಈಗ," ಎಂದರು. ಬಿದಿರು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ರಟ್ಟಿನ ಕೊನೆಯ ಪದರ ಒದ್ದೆ ಎಲೆಯ ಹಾಗೆ ಮಡಚಿಕೊಂಡು ಎದ್ದಿತು. ಕೆಳಗೆ ಚಿತ್ರದ ಕಾಗದದ ಬೆನ್ನು, ಅರವತ್ತು ವರ್ಷ ಯಾರೂ ನೋಡದ ಬಿಳಿ. ಮಗ ಕೆಟಲ್ ಹಿಡಿದುಕೊಂಡೇ ಬಗ್ಗಿ ನೋಡಿದರು. ಲೋಳೆಯನ್ನು ಬಿದಿರಿನಿಂದ ಬಳಿದು, ಹಿಂಡಿದ ಹತ್ತಿಯಿಂದ ಒರೆಸಿ, ಒಣ ಬ್ಲಾಟಿಂಗ್ ಒತ್ತಿ, ಅಲ್ಲಿಂದ ಮುಂದೆ ಎರಡೆರಡು ಜಾಗಕ್ಕೆ ಒಟ್ಟಿಗೇ ಕಂಬಳಿ ಹಾಕುತ್ತ ಹೋದೆವು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹನ್ನೊಂದು ಜಾಗ ಮುಗಿದಿದ್ದವು. ಕೆಳಗಿನ ಬ್ಲಾಟಿಂಗ್‌ನಲ್ಲಿ ಕೆಂಪಿನ ಸುಳಿವೂ ಇರಲಿಲ್ಲ. ಆಚಾರ್ರು ಪ್ರತಿ ಪದರ ಎದ್ದಾಗಲೂ ತಮ್ಮದೇ ಕೆಲಸವೆಂಬಂತೆ ತೊಡೆ ತಟ್ಟಿಕೊಳ್ಳುತ್ತಿದ್ದರು.

ಉಳಿದದ್ದು ಮುಖದ ಹಿಂದಿನ ಅಂಗೈ ಅಗಲ.

ಅಲ್ಲಿ ಓರೆ ಬೆಳಕು ಬಿಟ್ಟು ನೋಡಿದೆ. ಸೋಮವಾರ ಎರಡು ಬೆರಳು ದೂರವಿದೆ ಎಂದುಕೊಂಡಿದ್ದ ಹುಳುಗಳ ದಾರಿ ಗದ್ದದ ಕೆಳಗೆ ಬಂದು ಎರಡಾಗಿ ಕವಲೊಡೆದಿತ್ತು. ಕವಲುಗಳ ಮೇಲೆ ಹುಳುಗಳು ಕಾಗದವನ್ನೂ ಸವೆಸಿದ್ದವು. ಅಲ್ಲಿ ಅದು ಈರುಳ್ಳಿ ಸಿಪ್ಪೆಯಷ್ಟು ತೆಳು. ತೇವ ಬಿದ್ದರೆ ಅಷ್ಟು ತೆಳುವಾದದ್ದು ತನ್ನ ಭಾರಕ್ಕೇ ಹರಿಯಬಹುದು. ಬಿದಿರಿನ ತುದಿ ಒಂದು ಎಳೆ ತಪ್ಪಿದರೆ ಗದ್ದ ಹೋಗುತ್ತದೆ.

ನಾನು ಬಿದಿರು ಕೆಳಗಿಟ್ಟೆ. "ಅಮ್ಮ, ಇಷ್ಟು ಜಾಗ ಹೀಗೇ ಬಿಡೋಣ. ಸುತ್ತ ಬಿಟ್ಟಿದೆ. ಉಬ್ಬು ಇಳಿಯುತ್ತೆ," ಎಂದೆ.

"ಹುಳ ಇರೋದು ಎಲ್ಲಿ?"

"ಇಲ್ಲೇ."

"ಅಂದ್ರೆ ಮನೆ ಹಂಗೇ ಬಿಟ್ಟು ಅಂಗ್ಳ ಗುಡಿಸಿದಂಗಾತು."

ಮಗ, "ಅವ್ವ, ಸಾರ್ ಹೇಳೋದು ಕೇಳು, ಹರಿದ್ರೆ ಆಮೇಲೆ..." ಎಂದರು.

"ನೀನು ನೀರು ಕಾಯ್ಸು." ನನ್ನ ಕಡೆ ತಿರುಗಿದರು. "ನೀನು ಹೆದರಿದೀಯ. ಹೆದರ್ಕಂಡೇ ಮಾಡು. ಹೆದರ್ದೆ ಮಾಡಿದ್ದಕ್ಕೇ ಮೊನ್ನೆ ಚಾಪೆ ಕಿತ್ತಿದ್ದು."

ಒಪ್ಪಿದೆ. ಆದರೆ ಕ್ರಮ ಬದಲಿಸಿದೆ. ಈ ಜಾಗಕ್ಕೆ ಕಂಬಳಿಯನ್ನು ಇನ್ನೂ ಒಣದಾಗಿ ಹಿಂಡಿ, ಎರಡರಷ್ಟು ಹೊತ್ತು ಇಡುವುದು. ಬಿದಿರು ಬಳಸದೆ, ರಟ್ಟನ್ನು ಎಳೆಯದೆ, ಕೂದಲಿನ ಕುಂಚದಿಂದ ಲೋಳೆಯ ಜೊತೆ ಅದನ್ನೂ ನಾರು ನಾರಾಗಿ ಉರುಳಿಸಿ ತೆಗೆಯುವುದು. ಒಂದು ನಲವತ್ತಕ್ಕೆ ಕಂಬಳಿ ಹಾಕಿದೆವು. ಚೀಲದ ನೀರನ್ನು ಮೂರು ಸಲ ಬದಲಿಸಿದೆವು. 'ಈಗ' ಎಂದು ಅವರು ಹೇಳುವವರೆಗೆ ಐವತ್ತೆರಡು ನಿಮಿಷ. ಆಮೇಲೆ ಕುಂಚ. ಒಂದು ಗುಂಡುಸೂಜಿ ತಲೆಯಷ್ಟು ಜಾಗ ಬಿಡಿಸುವುದು, ಒಣಗಿಸುವುದು, ಮತ್ತೆ ಮುಂದಿನದು. ಕವಲಿನಲ್ಲಿ ಎರಡು ಹುಳು ಜೀವಂತ ಸಿಕ್ಕವು. ಆಚಾರ್ರು ಅವನ್ನು ಉಗುರಿನಲ್ಲಿ ತೀರಿಸಿದರು. ತೆಳುವಾದ ಕಡೆ ಮುಟ್ಟುವ ಮೊದಲು ಪ್ರತಿ ಸಲವೂ ನಿಂತು ಉಸಿರು ಬಿಟ್ಟು ಮತ್ತೆ ಕೈ ಇಟ್ಟೆ. ತಾಯಿ ಎದುರಿನ ಸ್ಟೂಲಿನಲ್ಲಿ ಕುಳಿತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಒಮ್ಮೆ ಮಾತ್ರ, "ನಿಧಾನ ಕಣಪ್ಪ," ಎಂದರು.

ನಾಲ್ಕು ಇಪ್ಪತ್ತಕ್ಕೆ ಕುಂಚಕ್ಕೆ ಸಿಗುವುದು ಏನೂ ಉಳಿಯಲಿಲ್ಲ. ಹಾಳೆಯ ಅಂಚಿಗೆ ಊದಿದೆ. ಅದು ಮೇಜಿನಿಂದ ಮೇಲೆದ್ದು ಮತ್ತೆ ಮಲಗಿತು. ನಾನು ಗಾಳಿ ಊದಿ ಪರೀಕ್ಷಿಸಿದ್ದನ್ನು ಆಚಾರ್ರು ನೋಡಿ ತಾವೂ ಇನ್ನೊಂದು ಕಡೆಯಿಂದ ಊದಿದರು. ಬ್ಲಾಟಿಂಗ್ ಮೇಲಿಟ್ಟು, ಎರಡು ಗಾಜಿನ ನಡುವೆ ಹಿಡಿದು, ನಾಲ್ಕು ಕೈ ಸೇರಿ ಮಗುಚಿದೆವು. ಮೇಲಿನ ಗಾಜು ತೆಗೆದೆ.

ಗದ್ದ ಇತ್ತು. ಕಿವಿ ಇತ್ತು. ಕೆಂಪು ತನ್ನ ಗೆರೆಯೊಳಗೇ ಇತ್ತು. ತಾಯಿ ಸೆರಗಿನಲ್ಲಿ ಎರಡೂ ಕೈ ಒರೆಸಿಕೊಂಡು, ಮುಟ್ಟದೆ, ಬಹಳ ಹತ್ತಿರ ಬಗ್ಗಿ ನೋಡಿದರು. ಮಗ ಕೆಟಲ್ ಕೆಳಗಿಟ್ಟದ್ದು ಆಗಲೇ.

ಹತ್ತು ದಿನ ಬ್ಲಾಟಿಂಗ್ ಹಾಳೆಗಳ ನಡುವೆ ತೂಕ ಹೇರಿ ಒಣಗಿಸಿದೆ. ಉಬ್ಬು ಪೂರ್ತಿ ಇಳಿಯಿತು. ನಾನು ಕಿತ್ತ ಸಿಪ್ಪೆಯ ಜಾಗಕ್ಕೂ ಹುಳು ತಿಂದ ತೆಳುವಿಗೂ ಹಿಂದಿನಿಂದ ತೆಳುಕಾಗದದ ತೇಪೆ ಕೊಟ್ಟೆ. ಹೊಸ ಬಿಳಿ ರಟ್ಟಿಗೆ ಚಿತ್ರವನ್ನು ಅಂಟಿಸಲಿಲ್ಲ. ಮೇಲಂಚಿನಲ್ಲಿ ಮಾತ್ರ, ಬೆರಳಗಲದ ಎರಡು ಕಾಗದದ ಕೀಲು ಕೂಡಿಸಿ ನೇತುಬಿಟ್ಟೆ. ಮೇಷ್ಟ್ರು ಹೇಳಿದ್ದೂ ಹೆಚ್ಚುಕಡಿಮೆ ಅದೇ.

ಕೊಂಡೊಯ್ಯಲು ಬಂದ ದಿನ ತಾಯಿ ಕಟ್ಟನ್ನು ತಿರುಗಿಸಿ ಹಿಂದೆ ನೋಡಿದರು. "ನಾಳೆ ನಾನು ಹೋದ್ ಮ್ಯಾಲೆ ಯಾರಾರ ಇದ್ನ ಬಿಚ್ಚಿದ್ರೆ, ಅವ್ರಿಗೆ ಹೆಂಗೆ ಗೊತ್ತಾಗದು? ಇವನು ಮತ್ತೆ ಬಡಗಿ ಗೋಂದು ಅಂತಾನೆ."

ಪೆನ್ಸಿಲ್ ತೆಗೆದು ಹಿಂದಿನ ಹಲಗೆಯ ಮೇಲೆ ಬರೆದೆ: 'ಮೇಲಂಚಿನಲ್ಲಿ ಎರಡು ಕೀಲು. ಅಂಟು ಮೈದಾ. ಕೀಲಿಗೆ ಮಾತ್ರ ತಣ್ಣೀರಿನ ಒದ್ದೆ ಹತ್ತಿ ತಾಗಿಸಿದರೆ ಸಾಕು, ಬಿಡುತ್ತದೆ. ಚಿತ್ರದ ಮುಂಭಾಗಕ್ಕೆ ನೀರು ತಾಗಿಸಬಾರದು.' ಓದಿ ಹೇಳಿದೆ.

"ಯಾರ್ದು ಅಂತ ಬರೀಲಿಲ್ಲ?"

"ಹೇಳಿ ಅಮ್ಮ, ಬರೀತೀನಿ."

ಅವರು ಹೆಸರು ಹೇಳಿದರು. ಮಗ ಅದನ್ನು ಮೆಲ್ಲಗೆ ತಾವೂ ಒಮ್ಮೆ ಹೇಳಿನೋಡಿ, "ನಂಗೂ ಇವತ್ತೇ ಗೊತ್ತಾಗಿದ್ದು ಸಾರ್. ನಾವೆಲ್ಲ ಫೋಟೊದಜ್ಜಿ ಅಂತಿದ್ವಿ," ಎಂದರು. ನಾನು ಉಳಿದ ಸಾಲುಗಳಿಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಊರು ಬಾಗೂರು ಎಂದು ಸೇರಿಸಿ ಓದಿದೆ.

"ಇನ್ನೊಂದ್ಸಲ ಓದಪ್ಪ," ಎಂದರು ತಾಯಿ.

ಓದಿದೆ.